ಸಾರಿನಲ್ಲಿ ಕಾಳು ಎಷ್ಟು?

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಊರಿನ ವಾಚನಾಲಯದಲ್ಲಿ, ಕೇರಳದ ಕುಟುಂಬಶ್ರೀ ಯೋಜನೆಯ ಅಯಲ್‌ಕೂಟದ, ಅಂದರೆ ನೆರೆಹೊರೆಯ ಮಹಿಳೆಯರ ಸ್ವಸಹಾಯ ಗುಂಪಿನ, ಸದಸ್ಯೆಯರ ಎದುರು ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೀಡಿ ಕಟ್ಟುವ ಸೂಪು (ಮೊರ) ಬದಿಗಿಟ್ಟು ಬಂದವರಿದ್ದೀರಿ, ತೊಳಿಲುರಪ್ಪಿನ (ಉದ್ಯೋಗ ಖಾತರಿಯ) ಕೆಲಸ ಮುಗಿಸಿ ಮನೆಗೂ ಹೋಗದೆ ಇಲ್ಲಿಗೇ ಬಂದವರಿದ್ದೀರಿ. ಹಾಗಾಗಿ ಪೀಠಿಕೆ ಬೇಡ. ಕಾಗದದಲ್ಲಿ ನನ್ನ ವಿಷಯ ‘ಪೌಷ್ಟಿಕ ಆಹಾರ ಮತ್ತು ಕುಟುಂಬ’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ಮಾತು ನನ್ನಲ್ಲಿಲ್ಲ. ನಾನು ವೈದ್ಯೆಯೂ ಅಲ್ಲ. ಆಹಾರ ವಿಜ್ಞಾನ ಓದಿ ಪಾಠ ಮಾಡಿದವಳು. ನಿಮ್ಮಲ್ಲಿ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಕಿಲೋ ಬೇಳೆಕಾಳು ತರುತ್ತೀರಿ? ಅಕ್ಕಿ ಅಲ್ಲ, ಸಕ್ಕರೆ ಅಲ್ಲ. ತೊಗರಿ, ಹೆಸರು, ಹುರುಳಿ, ಕಡಲೆ, ಅಲಸಂಡೆ ಕಾಳು, ಉದ್ದು ಎಲ್ಲ ಸೇರಿಸಿ.

ಒಬ್ಬರು ಒಂದೂವರೆ ಅಂದರು. ಅಲ್ಲಿ ಹಿಂದೆ ಕೂತವರು ಎರಡು ಅಂದರು. ಉದ್ದು ಸೇರಿಸಿದರೆ ಮೂರು ಆದೀತು ಅಂತ ಇನ್ನೊಬ್ಬರು. ಸರಿ. ಐದು ಜನರ ಮನೆ, ತಿಂಗಳಿಗೆ ಎರಡು ಕಿಲೋ ಅಂತ ಇಟ್ಟುಕೊಳ್ಳುವ. ಲೆಕ್ಕ ಹಾಕಿ ನೋಡಿ, ಒಬ್ಬರಿಗೆ ದಿನಕ್ಕೆ ಹದಿಮೂರು ಗ್ರಾಂ ಬರುತ್ತದೆ. ಅಂಗೈಯಲ್ಲಿ ಹಿಡಿದರೆ ಅಂಗೈಯ ಗುಳಿಯೂ ತುಂಬುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಎರಡು ಸಾವಿರ ಕ್ಯಾಲೊರಿಯ ಊಟಕ್ಕೆ ದಿನಕ್ಕೆ 85 ಗ್ರಾಂ ಬೇಳೆಕಾಳು ಹೇಳಿದ್ದಾರೆ. ಮೀನು, ಮೊಟ್ಟೆ ತಿನ್ನುವವರು ಅದರಲ್ಲಿ ಸ್ವಲ್ಪ ಕಡಿಮೆ ಮಾಡಬಹುದು. ಆದರೆ 85 ಎಲ್ಲಿ, 13 ಎಲ್ಲಿ!

ನಮ್ಮ ಜಿಲ್ಲೆಯಲ್ಲಿ ಹೊಟ್ಟೆ ತುಂಬದ ಕಷ್ಟ ಈಗ ಹಿಂದಿನಷ್ಟಿಲ್ಲ. ರೇಷನ್ನಿನ ಪಿಂಕ್ ಕಾರ್ಡಿಗೆ, ಅಂದರೆ ಆದ್ಯತೆಯ ಮನೆಗಳಿಗೆ, ತಲೆಗೆ ತಿಂಗಳಿಗೆ ನಾಲ್ಕು ಕಿಲೋ ಅಕ್ಕಿ, ಒಂದು ಕಿಲೋ ಗೋಧಿ. ತೀರಾ ಬಡವರ ಹಳದಿ ಕಾರ್ಡಿಗೆ ಮನೆಯೊಂದಕ್ಕೆ ಒಟ್ಟು 35 ಕಿಲೋ. 2023ರಿಂದ ಅದು ಉಚಿತ. ಗೋಧಿಯ ಬದಲು ಆಟಾ ಪ್ಯಾಕೆಟ್ ತೆಗೆದುಕೊಂಡರೆ ಮಾತ್ರ ಚಿಲ್ಲರೆ ದುಡ್ಡು. ನೀಲಿ ಕಾರ್ಡಿನವರಿಗೂ ತಲೆಗೆ ಎರಡು ಕಿಲೋ ಅಕ್ಕಿ ಕಿಲೋಗೆ ನಾಲ್ಕು ರೂಪಾಯಿಯಂತೆ ಉಂಟು. ಅಕ್ಕಿ ಬರುತ್ತದೆ. ಬಾರದ್ದು ಕಾಳು. ಹಾಗಾಗಿ ಏನಾಗುತ್ತದೆ? ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ಮೂರು ಹೆಸರು, ಮೂರೂ ಅಕ್ಕಿ. ಬದಿಯಲ್ಲಿ ತೆಳ್ಳಗೆ ಒಂದು ಸಾರು, ನೆಂಟರು ಬಂದರೆ ಅದಕ್ಕೆ ಇನ್ನೊಂದು ತಂಬಿಗೆ ನೀರು.

ಅಕ್ಕಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಈಗ ಹಾಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲೂ ಕುಚ್ಚಲಕ್ಕಿಯ ಮೇಲೆ ನನಗೆ ಗೌರವ ಉಂಟು. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ಮೇಲ್ಪದರದಲ್ಲಿರುವ ಬಿ ಜೀವಸತ್ತ್ವ ಒಳಕ್ಕೆ ಇಳಿಯುತ್ತದೆ, ಆಮೇಲೆ ಮಿಲ್ಲಿನಲ್ಲಿ ತೌಡು ಹೋದರೂ ಅಷ್ಟು ಉಳಿಯುತ್ತದೆ. ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಹಾಗಿಲ್ಲ. ಕುಚ್ಚಲಕ್ಕಿಯ ಆ ಸತ್ತ್ವದ ಒಂದು ಪಾಲು ಅನ್ನ ಬೇಯುವಾಗ ತಿಳಿಗೆ, ಅಂದರೆ ಗಂಜಿ ನೀರಿಗೆ, ಬರುತ್ತದೆ. ಹಾಗಾಗಿ ತಿಳಿಯನ್ನು ದನಕ್ಕೆ ಕೊಟ್ಟು ಅಗುಳು ಮಾತ್ರ ಉಣ್ಣುವ ಮನೆಗಿಂತ ಗಂಜಿ ಉಣ್ಣುವ ಮನೆ ಜಾಣ ಮನೆ. ಆದರೆ ಅಕ್ಕಿಯ ಪ್ರೊಟೀನಿನಲ್ಲಿ ಒಂದು ಕೊರತೆ ಉಂಟು. ಲೈಸಿನ್ ಅನ್ನುವ ಅಂಶ ಸಾಲದು. ಕಾಳಿನಲ್ಲಿ ಲೈಸಿನ್ ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅಕ್ಕಿಯಲ್ಲಿ ಉಂಟು. ಎರಡೂ ಸೇರಿದಾಗ ದೇಹ ಅದನ್ನು ಸರಿಯಾಗಿ ಬಳಸುತ್ತದೆ. ಅನ್ನ–ಸಾರು, ಇಡ್ಲಿ, ಉದ್ದಿನ ದೋಸೆ ಎಲ್ಲ ಆ ಕಾರಣಕ್ಕೇ ಒಳ್ಳೆಯದು. ಸಾರಿನಲ್ಲಿ ಕಾಳು ಇದ್ದರೆ ಮಾತ್ರ.

ರೇಷನ್ ಅಕ್ಕಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಅಲ್ಲಲ್ಲಿ ಬೇರೆ ಬಣ್ಣದ, ಸ್ವಲ್ಪ ನುಣುಪಾದ ಕಾಳು ಸಿಗುತ್ತದೆ. ‘ಪ್ಲಾಸ್ಟಿಕ್ ಅಕ್ಕಿ’ ಅಂತ ಮೊರದಲ್ಲಿ ಆರಿಸಿ ಎಸೆಯುತ್ತೀರಿ. ತಲೆ ಆಡಿಸುತ್ತಿದ್ದೀರಿ ನೋಡಿ! ಅದು ಪ್ಲಾಸ್ಟಿಕ್ ಅಲ್ಲ ಮಾರಾಯ್ರೆ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ಮಾಡಿದ ಕಾಳು. ನೂರು ಕಿಲೋ ಅಕ್ಕಿಗೆ ಒಂದು ಕಿಲೋದಂತೆ ಬೆರೆಸಿದ್ದು. ನೀವು ಎಸೆಯುವುದು ಆ ಚೀಲದಲ್ಲಿ ಸರ್ಕಾರ ದುಡ್ಡು ಕೊಟ್ಟು ಹಾಕಿದ ಔಷಧವನ್ನೇ. ತಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇದ್ದವರು ಮಾತ್ರ ಡಾಕ್ಟರಲ್ಲಿ ಕೇಳಿ ಉಣ್ಣಬೇಕು.

ಈಗ ದುಡ್ಡಿನ ಮಾತು. ನಾವು ಅಂಗಡಿಯಲ್ಲಿ ಕಿಲೋಗೆ ಎಷ್ಟು ಅಂತ ಕೇಳುತ್ತೇವೆ. ನಾನು ಬೇರೆ ಥರ ಕೇಳಲು ಹೇಳುತ್ತೇನೆ: ಹತ್ತು ಗ್ರಾಂ ಪ್ರೊಟೀನಿಗೆ ಎಷ್ಟು ದುಡ್ಡು ಬಿತ್ತು? ಪೇಟೆಯ ಬೆಲೆ ವಾರವಾರ ಏರಿಳಿಯುತ್ತದೆ, ನಾನು ಹಿಡಿದದ್ದು ಅಂದಾಜು. ಹುರುಳಿ ಕಿಲೋಗೆ 90 ಅಂತಾದರೆ ಹತ್ತು ಗ್ರಾಂ ಪ್ರೊಟೀನಿಗೆ ನಾಲ್ಕು ರೂಪಾಯಿ. ಕಡಲೆಗೆ ಐದರ ಒಳಗೆ. ಹೆಸರಿಗೆ ಐದು ಚಿಲ್ಲರೆ, ತೊಗರಿಗೆ ಆರು. ಮೊಟ್ಟೆ ಏಳು ರೂಪಾಯಿಗೆ ಒಂದಾದರೆ ಹತ್ತು ಹನ್ನೊಂದು. ಕೋಳಿಗೆ, ಎಲುಬು ಕಳೆದು, ಹದಿನೈದರ ಆಸುಪಾಸು. ಹಾಲಿಗೆ ಹದಿನೆಂಟು. ಬೂತಾಯಿ ಮೀನು ಕಿಲೋಗೆ ನೂರಕ್ಕೆ ಸಿಕ್ಕಿದ ದಿನ ಒಂಬತ್ತು, ಇನ್ನೂರಾದ ದಿನ ಹದಿನೇಳು. ಬಿಸ್ಕತ್ತು, ರಸ್ಕಿಗೆ ಇಪ್ಪತ್ತೆಂಟು ಮೂವತ್ತು. ಇನ್ನು ಟಿವಿಯಲ್ಲಿ ಮಗು ಒಂದೇ ಸಲಕ್ಕೆ ಎತ್ತರ ಆಗುತ್ತದಲ್ಲ, ಆ ಮಾಲ್ಟ್ ಪುಡಿ? ಅದಕ್ಕೆ ಐವತ್ತರ ಹತ್ತಿರ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು ಅಂತಲೂ ಬರೆದಿರುತ್ತದೆ. ಮಕ್ಕಳಿಂದಲೇ ಓದಿಸಿ.

ಸೋಯಾ ಉಂಡೆ ಇವೆಲ್ಲಕ್ಕಿಂತ ಅಗ್ಗ, ನೂರು ಗ್ರಾಮಿಗೆ ಐವತ್ತರ ಮೇಲೆ ಪ್ರೊಟೀನ್ ಉಂಟು. ವಾರಕ್ಕೊಮ್ಮೆ ಮಸಾಲೆ ಹಾಕಿ ಮಾಡಿದರೆ ಮಕ್ಕಳು ತಿನ್ನುತ್ತಾರೆ. ದಿನಾ ಮಾಡಿದರೆ ಯಾರೂ ತಿನ್ನುವುದಿಲ್ಲ, ನಾನೂ ತಿನ್ನುವುದಿಲ್ಲ.

ಹುರುಳಿಯಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ತುಳುನಾಡಿನಲ್ಲಿ ಹುರುಳಿಗೆ ಆದಷ್ಟು ಅನ್ಯಾಯ ಬೇರೆ ಯಾವ ಕಾಳಿಗೂ ಆಗಿಲ್ಲ. ಹಿಂದೆ ಉಳುವ ಎತ್ತು, ಕೋಣ ಇದ್ದ ಮನೆಗಳಲ್ಲಿ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯಿಸುತ್ತಿದ್ದರು. ಬೆಂದ ಕಾಳು ಕೋಣಕ್ಕೆ. ಬಸಿದ ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಮನೆಯವರಿಗೆ ಕುಡುತ ಸಾರು. ರುಚಿ ಅಂದರೆ ರುಚಿ, ನಾನೂ ಅದನ್ನು ಉಂಡು ಬೆಳೆದವಳು. ಆದರೆ ಪ್ರೊಟೀನು ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ, ನೀರಿಗೆ ಬರುವುದು ಸ್ವಲ್ಪ. ಇವತ್ತಿಗೂ ಪೈವಳಿಕೆಯ ಕಂಬಳಕ್ಕೆ ಬರುವ ಕೋಣಗಳ ಮೈ ನೋಡಿ, ಅವಕ್ಕೆ ಬೇಯಿಸಿ ಹಾಕುವುದು ಹುರುಳಿಯನ್ನೇ. ಕೋಣ ಹೋಯಿತು, ಉಳುಮೆ ಟ್ರಾಕ್ಟರಿಗೆ ಬಂತು, ಗದ್ದೆ ತೋಟವಾಯಿತು. ಆದರೆ ಹುರುಳಿ ಅಂದರೆ ಸಾರಿನ ನೀರು ಅನ್ನುವ ಅಭ್ಯಾಸ ಮಾತ್ರ ನಮ್ಮ ಅಡುಗೆಮನೆಯಲ್ಲಿ ಉಳಿಯಿತು. ಈಗ ಅರ್ಧ ಹಿಡಿ ಹುರುಳಿ ಬೇಯಿಸಿ ಐದು ಜನರಿಗೆ ಸಾರು ಮಾಡುತ್ತೇವೆ.

ಹೀಗೆ ಮಾಡಿ. ರಾತ್ರಿ ಮೂರು ಲೋಟ ಹುರುಳಿ ನೆನೆಸಿ. ನೆನೆಸಿದ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಕುಕ್ಕರಿನಲ್ಲಿ ಬೇಯಿಸಿ. ನೆನೆದ ಕಾಳಿಗೆ ಗ್ಯಾಸ್ ಕಡಿಮೆ ಸಾಕು. ಮೇಲಿನ ನೀರು ಮತ್ತು ಒಂದು ಸೌಟು ಅರೆದ ಕಾಳು ಸೇರಿಸಿ ಸಾರು. ಉಳಿದ ಕಾಳಿಗೆ ನೀರುಳ್ಳಿ, ಒಣಮೆಣಸು, ಚೂರು ತೆಂಗಿನತುರಿ ಹಾಕಿ ಪಲ್ಯ. ಅದರಲ್ಲೇ ಎರಡು ಹಿಡಿ ತೆಗೆದಿಟ್ಟರೆ ಮರುದಿನ ಬಸಳೆಯ ಪದಾರ್ಥಕ್ಕೆ ಸೇರಿಸಬಹುದು. ಮೂರು ಪಾಲು ಬೆಳ್ತಿಗೆಗೆ ಒಂದು ಪಾಲು ಹುರುಳಿ ನೆನೆಸಿ ಅರೆದರೆ ದೋಸೆಯೂ ಆಗುತ್ತದೆ, ಸ್ವಲ್ಪ ಮಣ್ಣಿನ ಬಣ್ಣ ಬರುತ್ತದೆ, ತೆಂಗಿನ ಚಟ್ನಿ ಇದ್ದರೆ ಯಾರೂ ದೂರುವುದಿಲ್ಲ. ಹುರುಳಿಯಲ್ಲಿ ನೂರು ಗ್ರಾಮಿಗೆ ಎಂಟು ಮಿಲಿಗ್ರಾಮಿಗೂ ಮೇಲೆ ಕಬ್ಬಿಣ ಉಂಟು. ಅದರ ಅಗತ್ಯ ಯಾಕೆ ಅಂತ ಆಮೇಲೆ ಹೇಳುತ್ತೇನೆ. ‘ಹುರುಳಿ ಉಷ್ಣ’ ಅಂತ ಯಾರೋ ಅಂದಿರಿ. ಬೇಸಗೆಯಲ್ಲಿ ಹಾಗೆ ಅನ್ನಿಸುವವರು ಹೆಸರು ಮಾಡಿ. ಬೇಯಿಸದೆ ಇರಲು ಅದೊಂದು ನೆಪ ಆಗದಿದ್ದರೆ ಸಾಕು.

ಕಾಳು ಎಲ್ಲಿಂದ ತರುವುದು? ಕೇರಳ ಸರ್ಕಾರದ ಸಪ್ಲೈಕೋದ ಮಾವೇಲಿ ಸ್ಟೋರಿನಲ್ಲಿ ರೇಷನ್ ಕಾರ್ಡ್ ತೋರಿಸಿದರೆ ಹದಿಮೂರು ಸಾಮಾನು ಸಬ್ಸಿಡಿ ಬೆಲೆಗೆ ಉಂಟು. ಅದರಲ್ಲಿ ಐದು ಬೇಳೆಕಾಳುಗಳೇ. ಬೋರ್ಡು ಮಲಯಾಳದಲ್ಲಿ ಇರುತ್ತದೆ, ಓದಲು ಕಷ್ಟವಾದವರು ಕೇಳಿಕೊಳ್ಳಿ: ಚೆರುಪಯರ್ ಅಂದರೆ ಹೆಸರು, ವನ್‌ಪಯರ್ ಅಂದರೆ ಕೆಂಪು ಅಲಸಂಡೆ ಕಾಳು, ಕಡಲ, ಉಳುನ್ನು ಅಂದರೆ ಉದ್ದು, ತುವರಪರಿಪ್ಪು ಅಂದರೆ ತೊಗರಿಬೇಳೆ. ಹೋದ ದಿನ ಎಲ್ಲವೂ ಇರುತ್ತದೆ ಅಂತ ನಾನು ಜಾಮೀನು ಕೊಡುವುದಿಲ್ಲ. ನಿಮಗೇ ಗೊತ್ತಲ್ಲ. ಹುರುಳಿ, ಅಂದರೆ ಮುದಿರ, ಆ ಪಟ್ಟಿಯಲ್ಲಿಲ್ಲ, ಪೇಟೆಯಲ್ಲೇ ತರಬೇಕು.

ಎಷ್ಟು ತರಬೇಕು? ಮೀನು, ಮೊಟ್ಟೆ ತಿನ್ನುವ ಮನೆಗೆ ತಲೆಗೆ ದಿನಕ್ಕೆ ಐವತ್ತು ಗ್ರಾಂ ಅಂತ ನಾನು ಹೇಳುತ್ತೇನೆ. ಐದು ಜನರಿಗೆ ತಿಂಗಳಿಗೆ ಏಳೂವರೆ ಕಿಲೋ. ಅದು ಸಾಲುತ್ತದೋ ನೋಡುವ. 55 ಕಿಲೋ ತೂಕದ ಒಬ್ಬ ಹೆಂಗಸಿಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೊಟೀನ್ ಬೇಕು, ತೂಕದ ಕಿಲೋಗೆ 0.83 ಗ್ರಾಂ ಅನ್ನುವ ಲೆಕ್ಕ. ಮುನ್ನೂರು ಗ್ರಾಂ ಅಕ್ಕಿಯಿಂದ 23 ಬರುತ್ತದೆ. ಐವತ್ತು ಗ್ರಾಂ ಕಾಳಿನಿಂದ 11. ಒಂದು ಮೊಟ್ಟೆ ಅಥವಾ ಎರಡು ಬೂತಾಯಿಯಿಂದ ಆರೇಳು. ಚಹಾಕ್ಕೆ ಹಾಕುವ ಹಾಲಿನಿಂದ ಮೂರು. ಸೊಪ್ಪು ತರಕಾರಿಯಿಂದ ಎರಡು ಮೂರು. ಆಯಿತಲ್ಲ. ಮೀನು ಮೊಟ್ಟೆ ಮುಟ್ಟದ ಮನೆಯವರು ಕಾಳನ್ನು ಎಂಬತ್ತಕ್ಕೆ ಏರಿಸಿ, ಮಜ್ಜಿಗೆ ಹೆಚ್ಚು ಮಾಡಿ.

ಏಳೂವರೆ ಕಿಲೋ ಬೆರಕೆ ಕಾಳಿಗೆ ಅಂದಾಜು ಎಂಟುನೂರು ರೂಪಾಯಿ. ತೊಳಿಲುರಪ್ಪಿನ ಕೂಲಿ ಕೇರಳದಲ್ಲಿ 2025–26ರಲ್ಲಿ ದಿನಕ್ಕೆ 369 ರೂಪಾಯಿ ಇತ್ತು. ಎರಡು ದಿನದ ದುಡಿಮೆಗಿಂತ ಸ್ವಲ್ಪ ಹೆಚ್ಚು. ‘ಎಲ್ಲಿಂದ ತರುವುದು ಟೀಚರೇ’ ಅಂತ ಮುಖದಲ್ಲೇ ಬರೆದಿದೆ ನಿಮ್ಮ. ಸಂಜೆ ಚಹಾದ ಜೊತೆಗೆ ಏನು? ರಸ್ಕು, ಮಿಕ್ಸ್ಚರು, ಬನ್ನು, ಮಗುವಿಗೆ ಕ್ರೀಮ್ ಬಿಸ್ಕತ್ತು, ಶಾಲೆಯಿಂದ ಬರುವಾಗ ಒಂದು ಪ್ಯಾಕೆಟ್ ಕುರುಕಲು. ದಿನಕ್ಕೆ ಮೂವತ್ತು ರೂಪಾಯಿ ಅಂತ ಇಟ್ಟರೂ ತಿಂಗಳಿಗೆ ಒಂಬೈನೂರು. ಕಾಳಿನ ದುಡ್ಡು ನಿಮ್ಮ ಮನೆಯಲ್ಲೇ ಉಂಟು, ಬೇಕರಿಯವನ ಹತ್ತಿರ ಹೋಗುತ್ತಿದೆ ಅಷ್ಟೇ.

ಇಲ್ಲಿ ನನ್ನನ್ನು ತಪ್ಪು ತಿಳಿಯಬೇಡಿ. ಇಡೀ ದಿನ ದುಡಿದು ಬಂದವರಿಗೆ ಸಂಜೆ ಚಹಾದ ಜೊತೆ ಏನಾದರೂ ಕುರುಕುರು ಬೇಕು ಅನ್ನಿಸುವುದು ದೊಡ್ಡ ಅಪರಾಧವೇನೂ ಅಲ್ಲ. ಬಡವರು ಖರ್ಚು ಮಾಡಿದಾಗ ಮಾತ್ರ ಲೆಕ್ಕ ಕೇಳುವ ಭಾಷಣಕಾರರನ್ನು ನಾನೂ ಕಂಡಿದ್ದೇನೆ. ಭಾನುವಾರದ ಕೋಳಿಯನ್ನು ಬಿಡಿ ಅಂತಲೂ ನಾನು ಹೇಳುವುದಿಲ್ಲ, ಅದು ಮನೆಯವರೆಲ್ಲ ಒಟ್ಟಿಗೆ ಕೂರುವ ಒಂದೇ ಊಟ ಆಗಿರುತ್ತದೆ ಎಷ್ಟೋ ಕಡೆ. ವಾರಕ್ಕೆ ಎರಡು ದಿನ ಬೇಕರಿ ಇರಲಿ. ಉಳಿದ ಐದು ದಿನ ಬೇಯಿಸಿದ ಹೆಸರಿಗೆ ಬೆಲ್ಲ–ತೆಂಗಿನತುರಿ, ಕಡಲೆ ಉಸ್ಲಿ, ಹುರಿದ ನೆಲಗಡಲೆ, ಬೇಯಿಸಿದ ಹಲಸಿನ ಬೀಜ, ಅವಲಕ್ಕಿ. ಮರಗೆಣಸು ಹೊಟ್ಟೆ ತುಂಬಿಸುತ್ತದೆ, ಪ್ರೊಟೀನು ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಬೂತಾಯಿ ಸಾರಿನ ಜೊತೆ ತಿನ್ನುವ ನಮ್ಮ ಪದ್ಧತಿ ಬಹಳ ಸರಿ. ಬರೀ ಕಾಯಿಮೆಣಸು ಚಟ್ನಿಯಲ್ಲಿ ಮುಗಿಸಬೇಡಿ.

ತೆಂಗಿನಕಾಯಿಯ ವಿಷಯ ಎತ್ತಿದರೆ ಕಾಸರಗೋಡಿನಲ್ಲಿ ಜಗಳ ಆಗುತ್ತದೆ. ತೆಂಗಿನ ಸಂಶೋಧನೆಗೆ 1916ರಲ್ಲೇ ಕೇಂದ್ರ ತೆರೆದ ಊರು ಇದು, ಈಗಿನ ಸಿಪಿಸಿಆರ್‌ಐ. ಆದರೂ ಹೇಳಬೇಕು. ಗಟ್ಟಿ ತೆಂಗಿನಕಾಯಿ ಅರೆದು ಹಾಕಿದ ಪದಾರ್ಥ ದಪ್ಪವಾಗಿ ಕಾಣುತ್ತದೆ, ‘ಸತ್ತ್ವ ಉಂಟು’ ಅನ್ನಿಸುತ್ತದೆ. ತುರಿಯಲ್ಲಿ ನೂರಕ್ಕೆ ನಲವತ್ತು ಪಾಲು ಕೊಬ್ಬು, ಪ್ರೊಟೀನು ನಾಲ್ಕರ ಒಳಗೆ. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ ನಾನೂರು ದಾಟಿದಾಗ ಎಲ್ಲ ಮನೆಯಲ್ಲೂ ಕೂಗು ಎದ್ದಿತಲ್ಲ? ಆಗ ಎಷ್ಟೋ ಜನ ಒಂದು ಕಾಯಿಯ ಜಾಗಕ್ಕೆ ಅರ್ಧ ಕಾಯಿ ಹಾಕಲು ಕಲಿತರು. ಉಳಿದರ್ಧದ ಜಾಗಕ್ಕೆ ಬೆಂದ ಬೇಳೆಯನ್ನೇ ಅರೆದು ಹಾಕಿ ನೋಡಿ. ದಪ್ಪ ಅಷ್ಟೇ ಬರುತ್ತದೆ. ಎಣ್ಣೆ ತಲೆಗೆ ತಿಂಗಳಿಗೆ ಒಂದು ಲೀಟರಿಗಿಂತ ಕಡಿಮೆ ಸಾಕು, ತೆಂಗಿನೆಣ್ಣೆಯೂ ಬೇರೆ ಎಣ್ಣೆಯೂ ಸೇರಿ.

ಸೊಪ್ಪಿಗೆ ಬರುವ. ನಮ್ಮ ಹಿತ್ತಿಲಲ್ಲಿ ಸಿಗುವ ಸೊಪ್ಪನ್ನು ಪೇಟೆಯ ಹೂಕೋಸು, ಕ್ಯಾರೆಟಿಗೆ ಹೋಲಿಸಿ ನಾಚಿಕೊಳ್ಳುವ ಅಗತ್ಯವಿಲ್ಲ. ಹರಿವೆಯಲ್ಲೂ ನುಗ್ಗೆಸೊಪ್ಪಿನಲ್ಲೂ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದ ಅಂಶ (ಕ್ಯಾಲ್ಸಿಯಂ) ಉಂಟು, ಹಾಲಿನಲ್ಲಿರುವುದು ನೂರಿಪ್ಪತ್ತು. ಎಲ್ಲ ಸೊಪ್ಪಿನ ಸುಣ್ಣವೂ ಒಂದೇ ಥರ ಮೈಗೆ ಹತ್ತುವುದಿಲ್ಲ, ಹರಿವೆಯ ಆಕ್ಸಲೇಟು ಸ್ವಲ್ಪ ತಡೆಯುತ್ತದೆ. ಆದರೂ ಲಾಭವೇ. ಬಸಳೆ ಚಪ್ಪರ, ತೊಂಡೆ ಬಳ್ಳಿ, ಬಪ್ಪಂಗಾಯಿ (ಪಪ್ಪಾಯಿ) ಗಿಡ, ಬಾಳೆ, ಒಂದು ನುಗ್ಗೆ. ಐದು ಸೆಂಟ್ಸ್ ಜಾಗ ಇದ್ದವರೂ ಇಷ್ಟು ಇಡಬಹುದು. ಅಡುಗೆಮನೆಯ ನೀರು ಸಾಕು. ಬಾಳೆಯ ದಿಂಡು, ಪೂಂಬೆ (ಬಾಳೆಹೂ) ಎರಡಕ್ಕೂ ಹೆಸರುಕಾಳು ಸೇರಿಸಿ ಪಲ್ಯ ಮಾಡುವ ರೂಢಿ ನಮ್ಮಲ್ಲಿ ಇದ್ದದ್ದೇ. ಅಲ್ಲಿ ಹೆಸರನ್ನು ಅಲಂಕಾರಕ್ಕೆ ಹಾಕದೆ ಕೈ ಬಿಚ್ಚಿ ಹಾಕಿ.

ಒಂದು ಎಚ್ಚರ. ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಮದ್ದು ಬಿಡುತ್ತಾರೆ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ. ಅಡಿಕೆಯ ಬುಡದಲ್ಲಿರುವ ತಿಮರೆ (ಒಂದೆಲಗ), ಕೆಸು ಎಲ್ಲದರ ಮೇಲೂ ನೀಲಿ ಹನಿ ಬೀಳುತ್ತದೆ. ಮದ್ದು ಬಿಟ್ಟ ಮೇಲೆ ಅಲ್ಲಿಯ ಸೊಪ್ಪು ಬೇಡ. ಹೊಸ ಎಲೆ ಬರಲಿ. ತಂಬುಳಿಗೆ ಹಸಿಯಾಗಿ ಅರೆಯುವ ತಿಮರೆಯನ್ನಂತೂ ಮನೆ ಹತ್ತಿರ ಬೇರೆಯಾಗಿ ಬೆಳೆಸಿ. ಎಂಡೋಸಲ್ಫಾನ್ ಕೀಟನಾಶಕದ ನೋವು ಉಂಡ ಜಿಲ್ಲೆಯಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಳುವರ ಮಳೆಗಾಲದ ಆಟಿ ತಿಂಗಳ ಆಹಾರ ಅಂದರೆ ಈಗ ದೊಡ್ಡ ಉತ್ಸವ. ವೇದಿಕೆ ಕಟ್ಟಿ ಪತ್ರೊಡೆ, ಚಗಟೆ ಸೊಪ್ಪಿನ ತಜಂಕ್ ವಡೆ, ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಉಪ್ಪಿನಲ್ಲಿಟ್ಟ ಹಲಸಿನ ಉಪ್ಪುಸೊಳೆ ಪಲ್ಯ ಎಲ್ಲ ಜೋಡಿಸಿ ಫೋಟೋ ತೆಗೆಯುತ್ತಾರೆ. ಒಳ್ಳೆಯದೇ. ಆದರೆ ಮರುದಿನ ಅದೇ ಮನೆಯ ಅಂಗಳದಲ್ಲಿ ಹಲಸು ಬಿದ್ದು ಕೊಳೆಯುತ್ತಿರುತ್ತದೆ. ಕೇರಳ ಸರ್ಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು, ಬಿದ್ದ ಹಲಸನ್ನು ಹೆಕ್ಕುವ ಕೆಲಸ ಮಾತ್ರ ನಮ್ಮದೇ. ಏಪ್ರಿಲ್, ಮೇಯಲ್ಲಿ ಬಿಡಿಸಿದ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ, ಬೀಜವನ್ನು ಮಣ್ಣು ಮೆತ್ತಿ ಅಥವಾ ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿಟ್ಟರೆ, ಜೂನ್–ಜುಲೈಯ ತರಕಾರಿ ಖರ್ಚಿನಲ್ಲಿ ಒಂದು ಪಾಲು ಕಡಿಮೆ. ಉಪ್ಪುಸೊಳೆಯನ್ನು ಚೆನ್ನಾಗಿ ನೆನೆಸಿ ಹಿಂಡಿ, ರಕ್ತದೊತ್ತಡದವರಿಗೆ ಕಡಿಮೆ ಬಡಿಸಿ.

ಆ ಎರಡು ತಿಂಗಳೇ ಮೀನಿಗೂ ಬರಗಾಲ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ವರೆಗೆ, 52 ದಿನ ಟ್ರಾಲಿಂಗ್ ನಿಷೇಧ. ಸಣ್ಣ ದೋಣಿಗಳಿಗೆ ತಡೆ ಇಲ್ಲ, ಕಡಲು ಬಿಡಬೇಕಲ್ಲ. ಆಗ ಮೀನು ದುಬಾರಿ. ಅದನ್ನು ಬೆನ್ನಟ್ಟಿ ಕೊಳ್ಳಬೇಡಿ. ಮೊಟ್ಟೆಗೆ ಹೋಗಿ, ಕಾಳು ಹೆಚ್ಚಿಸಿ. ಒಣಮೀನನ್ನು ಬಿಸಿನೀರಲ್ಲಿ ನೆನೆಸಿ ಉಪ್ಪು ತೆಗೆದು ಬಳಸಿ. ಮೀನು ಅಗ್ಗ ಇರುವಾಗ ಅಂಜಲ್, ಮಾಂಜಿ ಅಂತ ಆಸೆಪಡದೆ ಬೂತಾಯಿ, ನತ್ತೋಲಿ ತನ್ನಿ. ಒಮೆಗಾ–3 ಅನ್ನುವ ಒಳ್ಳೆಯ ಕೊಬ್ಬು ಬೂತಾಯಿಯಲ್ಲಿ ಸಮೃದ್ಧ. ನತ್ತೋಲಿಯನ್ನು ಮುಳ್ಳು ಸಮೇತ ತಿಂದರೆ ಸುಣ್ಣದ ಅಂಶ ಸಿಗುತ್ತದೆ. ಹೊರಿಯುವುದಕ್ಕಿಂತ ಹುಳಿ–ಮೆಣಸಿನ ಪುಳಿಮುಂಚಿ ಸಾರು ಮಾಡಿದರೆ ಎಣ್ಣೆಯೂ ಉಳಿಯುತ್ತದೆ.

ಈಗ ಕಬ್ಬಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕೇರಳದಲ್ಲಿ 36. ಆಸ್ಪತ್ರೆ, ಶಾಲೆ, ರಸ್ತೆ ಎಲ್ಲ ಇದ್ದೂ ಮೂವರಲ್ಲಿ ಒಬ್ಬರಿಗೆ ಮೇಲೆ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19 ಸಾಕು. ಆದರೆ ಯಾರ ತಟ್ಟೆಗೆ ಏನು ಬೀಳುತ್ತದೆ? ಮೊದಲು ಗಂಡಸರು, ಮಕ್ಕಳು, ಅತ್ತೆ ಮಾವ. ಸೌಟು ತಳಕ್ಕೆ ಹಾಕಿ ಕಾಳು ಎತ್ತಿ ಅವರಿಗೆ ಬಡಿಸುತ್ತೀರಿ. ಮೀನಿನ ನಡು ತುಂಡು ಅವರಿಗೆ. ಕೊನೆಗೆ ನಿಮಗೆ ಅನ್ನ ಬೇಕಾದಷ್ಟು ಉಂಟು, ಸಾರು ಉಂಟು, ಕಾಳು ಇಲ್ಲ. ತಲೆತಿರುಗುತ್ತದೆ ಅಂತ ಆಮೇಲೆ ಮಾತ್ರೆ. ಇದಕ್ಕೆ ನಾನು ಕಂಡ ಒಂದೇ ದಾರಿ, ಬಡಿಸುವ ಮೊದಲೇ ನಿಮ್ಮ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡುವುದು. ಅತ್ತೆ ನೋಡಿದರೆ? ಅತ್ತೆಗೂ ಒಂದು ಬಟ್ಟಲು ತೆಗೆದಿಡಿ. ಅವರೂ ಒಂದು ಕಾಲದಲ್ಲಿ ಕೊನೆಗೆ ಉಂಡವರೇ.

ಚಹಾವನ್ನು ಊಟದ ಜೊತೆ, ಊಟ ಆದ ಕೂಡಲೇ ಕುಡಿಯಬೇಡಿ. ಕಾಳು, ಸೊಪ್ಪಿನ ಕಬ್ಬಿಣವನ್ನು ಅದು ಹಿಡಿದಿಡುತ್ತದೆ. ಒಂದು ಗಂಟೆ ಬಿಡಿ. ಊಟದಲ್ಲಿ ಹುಳಿ ಇರಲಿ: ಲಿಂಬೆ, ನೆಲ್ಲಿಕಾಯಿ, ಪೇರಳೆ. ಸಿ ಜೀವಸತ್ತ್ವ ಇದ್ದರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಕಾಯಿಲೆಯವರನ್ನು ನೋಡಲು ಹೋಗುವಾಗ ಸೇಬು ಕಟ್ಟಿಸಿಕೊಂಡು ಹೋಗುತ್ತೀರಲ್ಲ, ಹಿತ್ತಿಲಿನ ಪೇರಳೆಯಲ್ಲಿ ಅದರ ಹತ್ತಾರು ಪಟ್ಟು ಸಿ ಜೀವಸತ್ತ್ವ ಉಂಟು. ಕೊಟ್ಟರೆ ‘ಇಷ್ಟೇನಾ’ ಅಂತಾರೆ, ಅದು ಬೇರೆ ವಿಷಯ.

ಸಣ್ಣ ಮಕ್ಕಳಿದ್ದವರಿಗೆ: ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ಅಂಗನವಾಡಿಯಿಂದ ಅಮೃತಂ ಪುಡಿ ಉಚಿತ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ಕುಟುಂಬಶ್ರೀಯವರೇ ಮಾಡುವುದು. ಈ ಪುಡಿಯ ಕೆಲಸ ಮೊದಲು ಶುರುವಾದದ್ದು ನಮ್ಮ ಕಾಸರಗೋಡು ಜಿಲ್ಲೆಯಲ್ಲೇ. ಅದನ್ನು ದನಕ್ಕೆ, ಕೋಳಿಗೆ ಹಾಕುವವರು ಇದ್ದಾರೆ, ಹೆಸರು ಹೇಳುವುದಿಲ್ಲ. ಮಗು ಬೇಡ ಅಂದರೆ ರಾಗಿ ಮಣ್ಣಿ, ಅಂದರೆ ರಾಗಿಯ ಗಟ್ಟಿ ಗಂಜಿ, ಕಾಸುವಾಗ ಸೇರಿಸಿ, ದೋಸೆ ಹಿಟ್ಟಿಗೆ ಸೇರಿಸಿ, ಲಾಡು ಕಟ್ಟಿ. ಶಾಲೆಯ ಮಧ್ಯಾಹ್ನದ ಊಟದಲ್ಲಿ ವಾರಕ್ಕೊಂದು ಮೊಟ್ಟೆ, ಎರಡು ದಿನ ಹಾಲು ಉಂಟು. ಆ ದಿನ ಯಾವುದು ಅಂತ ತಿಳಿದುಕೊಂಡು ಮನೆಯ ಮೊಟ್ಟೆಯನ್ನು ಬೇರೆ ದಿನಕ್ಕೆ ಇಡಿ.

ಇನ್ನು ನಿಮ್ಮ ಪ್ರಶ್ನೆ.

‘ಕುಚ್ಚಲಕ್ಕಿ ಬೇಯಲು ಗ್ಯಾಸ್ ಬಹಳ ಹೋಗುತ್ತದೆ ಟೀಚರೇ, ಜೊತೆಗೆ ಕಾಳು ಬೇರೆ ಬೇಯಿಸುವುದು ಹೇಗೆ?’

ಚೂಡಾರಪೆಟ್ಟಿ, ಅಂದರೆ ಬಿಸಿ ಆರದ ಪೆಟ್ಟಿಗೆ, ಇದ್ದವರು ಕೈ ಎತ್ತಿ. ನೋಡಿ, ಅರ್ಧಕ್ಕರ್ಧ ಇದ್ದೀರಿ. ಅಕ್ಕಿ ಕುದಿ ಬಂದು ಹತ್ತು ಹದಿನೈದು ನಿಮಿಷ ಆದ ಮೇಲೆ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಒಳಗಿನ ಬಿಸಿಯಲ್ಲೇ ಬೇಯುತ್ತದೆ. ಉಳಿದ ಗ್ಯಾಸಿನಲ್ಲಿ ಕಾಳು. ವಾರಕ್ಕೆ ಎರಡು ಸಲ ಹೆಚ್ಚಾಗಿ ಬೇಯಿಸಿ ಫ್ರಿಜ್ಜಿನಲ್ಲಿಡಿ. ಫ್ರಿಜ್ಜಿಲ್ಲದಿದ್ದರೆ ಹೆಸರು ಮೊಳಕೆ ಬರಿಸಿ, ಅದು ಬೇಗ ಬೇಯುತ್ತದೆ.

‘ಯಜಮಾನರಿಗೆ ಸಕ್ಕರೆ ಕಾಯಿಲೆ. ಅವರಿಗೆ ಬೇರೆ ಅಡುಗೆ ಮಾಡಲು ದುಡ್ಡೂ ಇಲ್ಲ, ಪುರಸೊತ್ತೂ ಇಲ್ಲ.’

ಬೇರೆ ಬೇಡವೇ ಬೇಡ. ಅದೇ ಅಡುಗೆ, ತಟ್ಟೆಯಲ್ಲಿ ಅನ್ನ ಒಂದು ಸೌಟು ಕಡಿಮೆ, ಪಲ್ಯ ಒಂದು ಸೌಟು ಹೆಚ್ಚು. ಗಂಜಿಯ ಜೊತೆಗೆ ಉಪ್ಪಿನಕಾಯಿ ಮಾತ್ರ ಇದ್ದರೆ ಸಕ್ಕರೆ ಏರುತ್ತದೆ. ಹೆಸರು ಅಥವಾ ಹುರುಳಿ ಪಲ್ಯ ಇದ್ದರೆ ನಿಧಾನ ಏರುತ್ತದೆ. ಮಾತ್ರೆ, ಇನ್ಸುಲಿನ್ ಇದ್ದವರು ಅನ್ನವನ್ನು ಒಮ್ಮೆಲೇ ಬಹಳ ಕಡಿಮೆ ಮಾಡಬಾರದು, ಡಾಕ್ಟರಲ್ಲಿ ಹೇಳಿ ಮಾಡಿ.

‘ಮಳೆಗಾಲದಲ್ಲಿ ಕೆಲಸ ಇರುವುದಿಲ್ಲ. ಆಗ ಕಾಳಿಗೆ ದುಡ್ಡು ಎಲ್ಲಿ?’

ಇದು ಸರಿಯಾದ ಪ್ರಶ್ನೆ. ಹತ್ತು ಮನೆಯವರು ಅಯಲ್‌ಕೂಟದಲ್ಲಿ ದುಡ್ಡು ಒಟ್ಟು ಮಾಡಿ ಮೇ ತಿಂಗಳಲ್ಲಿ ಸಗಟು ಅಂಗಡಿಯಿಂದ ಚೀಲದಲ್ಲೇ ತನ್ನಿ. ಒಬ್ಬೊಬ್ಬರೇ ಅರ್ಧ ಕಿಲೋ ಕೊಳ್ಳುವುದಕ್ಕಿಂತ ಕಡಿಮೆಗೆ ಸಿಗುತ್ತದೆ. ಮನೆಯೊಂದಕ್ಕೆ ಹತ್ತು ಕಿಲೋ ಹಂಚಿಕೊಂಡರೆ ಜೂನ್, ಜುಲೈ ದಾಟಲು ಬಹುಪಾಲು ಸಾಕು. ಅದನ್ನು ಹುಳ ಹಿಡಿಯದ ಹಾಗೆ ಇಡಬೇಕು. ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿ, ಆರಿದ ಮೇಲೆ ಕಿಲೋಗೆ ಒಂದು ಸಣ್ಣ ಚಮಚ ಹರಳೆಣ್ಣೆ ಸವರಿ, ಒಣಗಿದ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿ. ಒದ್ದೆ ಕೈ, ಒದ್ದೆ ಸೌಟು ಹಾಕಬಾರದು. ಬೇಯಿಸುವ ಮೊದಲು ಬಿಸಿನೀರಲ್ಲಿ ತಿಕ್ಕಿ ತೊಳೆದರೆ ಎಣ್ಣೆ ಹೋಗುತ್ತದೆ. ಸಗಟು ಅಂಗಡಿಗೆ ಯಾರು ಹೋಗುವುದು, ದುಡ್ಡು ಯಾರ ಕೈಯಲ್ಲಿ ಅಂತ ಈಗಲೇ ಕೂತು ಬರೆದುಕೊಳ್ಳಿ. ಪುಸ್ತಕ ತಂದಿದ್ದೀರಲ್ಲ, ಅಧ್ಯಕ್ಷೆಯವರೇ?